ರಕ್ತದಲ್ಲಿನ ಲೋಹದ ಲೆಕ್ಕ: ಯಂತ್ರಕ್ಕೆ ಹೋಗುವ ಮೊದಲೇ ಆಗುವ ತಪ್ಪುಗಳು

ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದೆ. ಹೆಚ್ಚುಕಡಿಮೆ ಮೂವರು ಮಕ್ಕಳಲ್ಲಿ ಒಬ್ಬರು. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಅಂದಾಜು ಇದು. ಓದಿದರೆ ಎದೆ ಝಲ್ಲೆನ್ನುತ್ತದೆ. ಈ ಸಂಖ್ಯೆಯ ಬಗ್ಗೆ ಇನ್ನೂ ಒಂದು ಮಾತು ತಿಳಿದಿರಬೇಕು. ಇದು ಬಹುಮಟ್ಟಿಗೆ ಗಣಿತದ ಮಾಡೆಲ್‌ಗಳಿಂದ ಬಂದದ್ದು. ಅಷ್ಟೂ ಕಡೆ ಮಕ್ಕಳ ರಕ್ತ ಪರೀಕ್ಷಿಸಿ ಎಣಿಸಿದ್ದಲ್ಲ. ಎಷ್ಟೋ ದೇಶಗಳಲ್ಲಿ ಇಡೀ ದೇಶದ ಮಕ್ಕಳನ್ನು ಪ್ರತಿನಿಧಿಸುವ ಸಮೀಕ್ಷೆಯೇ ನಡೆದಿಲ್ಲ.

ಹಾಗಾದರೆ ಅಳೆದುಬಿಡಬಹುದಲ್ಲ, ಅದಕ್ಕೇನು ಕಷ್ಟ ಅಂತ ಕೇಳಬಹುದು. ಒಳ್ಳೆಯ ಯಂತ್ರ ತಂದರೆ ಉತ್ತರ ಸಿಗುತ್ತದೆ ಅನ್ನುವುದು ಸಾಮಾನ್ಯ ನಂಬಿಕೆ. ಸಂಶೋಧನೆಗೆ ಹಣ ಕೊಡುವವರಲ್ಲೂ ಈ ನಂಬಿಕೆ ಗಟ್ಟಿಯಾಗಿದೆ. ನನ್ನ ಮಾತು ಅದಕ್ಕೆ ಉಲ್ಟಾ. ರಕ್ತ, ಮೂತ್ರ, ಕೂದಲು, ಹಲ್ಲುಗಳಲ್ಲಿನ ಲೋಹವನ್ನು ಅಳೆಯುವಾಗ ದೊಡ್ಡ ತಪ್ಪುಗಳು ಆಗುವುದು ಯಂತ್ರದಲ್ಲಿ ಕಡಿಮೆ. ಸೂಜಿ, ಟ್ಯೂಬು, ಮುಚ್ಚಳ, ಕೈಗವಸು, ಫ್ರೀಜರು, ಇವುಗಳ ಹತ್ತಿರವೇ ಬಹುಪಾಲು ತಪ್ಪು ಆಗಿಹೋಗಿರುತ್ತದೆ. ಯಾವ ಪ್ರಶ್ನೆಗೆ ಯಾವ ಸ್ಯಾಂಪಲ್ ಅಂತ ಆರಿಸುವಾಗ ಇನ್ನಷ್ಟು ಆಗುತ್ತದೆ. ಒಮ್ಮೆ ಹಾಗಾದರೆ ಆಮೇಲೆ ಎಷ್ಟು ದುಬಾರಿ ಯಂತ್ರ ಇದ್ದರೂ ಅದನ್ನು ಸರಿಪಡಿಸಲು ಆಗುವುದಿಲ್ಲ.

ಮೊದಲು ಪ್ರಮಾಣದ ಅಂದಾಜು ಇರಲಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಎಂದರೆ ನೂರು ಕೋಟಿ ಭಾಗ ರಕ್ತದಲ್ಲಿ ಸುಮಾರು 50 ಭಾಗ ಸೀಸ. ಲ್ಯಾಬಿನವರು ಇದನ್ನು 50 ಪಿಪಿಬಿ ಅನ್ನುತ್ತಾರೆ. ಈ ಕೆಲಸದಲ್ಲಿ ಸೀಸ ಸ್ವಲ್ಪ ಸುಲಭದ್ದು ಅಂತಲೇ ಲೆಕ್ಕ. ಆರೋಗ್ಯವಂತರ ಸೀರಮ್‌ನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ, ಮ್ಯಾಂಗನೀಸ್ 1 ಪಿಪಿಬಿಗಿಂತ ಕಡಿಮೆ ಇರುತ್ತದೆ. ಕ್ರೋಮಿಯಂ ಅದಕ್ಕಿಂತಲೂ ಎಷ್ಟೋ ಕಡಿಮೆ. ಅದೇ ಹೊತ್ತಿಗೆ, ರಕ್ತ ತೆಗೆಯುವ ಸ್ಟೇನ್‌ಲೆಸ್ ಸ್ಟೀಲ್ ಸೂಜಿಯಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಮ್ಮೇ ಇರುತ್ತದೆ. ತೊಂದರೆ ಎಲ್ಲಿದೆ ಅಂತ ಇಲ್ಲೇ ಹೊಳೆಯುತ್ತದೆ, ಅಲ್ವಾ?

ಇಷ್ಟು ಸಣ್ಣ ಸಂಖ್ಯೆಗಳ ಹಿಂದೆ ಯಾಕೆ ಬೀಳಬೇಕು ಅನ್ನುವುದಕ್ಕೂ ಸೀಸವೇ ಉತ್ತರ ಕೊಡುತ್ತದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಮಗುವಿನ ರಕ್ತದ ಸೀಸ 60 ಮೈಕ್ರೋಗ್ರಾಂ ದಾಟಿದರೆ ಮಾತ್ರ ಚಿಂತೆ. 1985ರ ಹೊತ್ತಿಗೆ ಅದು 25ಕ್ಕೆ ಇಳಿಯಿತು. 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಕೊನೆಯ ಎರಡು ಸಂಖ್ಯೆಗಳು ಸುರಕ್ಷತೆಯ ಗಡಿಗಳಲ್ಲ. ಆ ದೇಶದ ಸಣ್ಣ ಮಕ್ಕಳಲ್ಲಿ ಅತಿ ಹೆಚ್ಚು ಸೀಸ ಇರುವ ನೂರಕ್ಕೆ ಎರಡೂವರೆ ಭಾಗ ಮಕ್ಕಳನ್ನು ಗುರುತಿಸಲು ಎಳೆದ ಗೆರೆಗಳು ಅವು. ಸೀಸಕ್ಕೆ ಸುರಕ್ಷಿತ ಮಟ್ಟ ಅನ್ನುವುದು ಇದುವರೆಗೆ ಸಿಕ್ಕಿಲ್ಲ.

2005ರಲ್ಲಿ ಏಳು ಅಧ್ಯಯನಗಳ 1,333 ಮಕ್ಕಳ ಮಾಹಿತಿಯನ್ನು ಒಟ್ಟು ಸೇರಿಸಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ರಕ್ತದ ಸೀಸ 2.4ರಿಂದ 10ಕ್ಕೆ ಏರಿದಾಗ ಬುದ್ಧಿಮತ್ತೆಯ ಅಂಕ 3.9 ಇಳಿದಿತ್ತು. 10ರಿಂದ 20ಕ್ಕೆ ಏರಿದಾಗ 1.9 ಇಳಿದಿತ್ತು. 20ರಿಂದ 30ಕ್ಕೆ ಹೋದಾಗ 1.1 ಅಷ್ಟೇ. ಅಂದರೆ ಮೊದಮೊದಲ ಕೆಲವು ಮೈಕ್ರೋಗ್ರಾಂಗಳೇ ಜಾಸ್ತಿ ಹಾನಿ ಮಾಡುತ್ತವೆ. ಹಿಂದೆ ಕಣ್ಣಿಗೇ ಬೀಳದಿದ್ದ ಭಾಗದಲ್ಲೇ ನಿಜವಾದ ಪ್ರಶ್ನೆ ಕೂತಿದೆ. 30 ಮೈಕ್ರೋಗ್ರಾಂ ಇರುವ ಮಗುವಿನಲ್ಲಿ ಎರಡು ಮೈಕ್ರೋಗ್ರಾಂ ಆಚೀಚೆ ಆದರೆ ತೀರ್ಮಾನ ಬದಲಾಗುವುದಿಲ್ಲ. 3 ಇರುವ ಮಗುವಿನಲ್ಲಿ ಎರಡು ತಪ್ಪಿದರೆ ಕತೆಯೇ ಬದಲು. ಅಮೆರಿಕದ ನಿಯಮಗಳು ರಕ್ತದ ಸೀಸ ಪರೀಕ್ಷಿಸುವ ಲ್ಯಾಬ್‌ಗಳಿಗೆ ಬಹಳ ಕಾಲ 4 ಮೈಕ್ರೋಗ್ರಾಂವರೆಗೆ ತಪ್ಪಲು ಅವಕಾಶ ಕೊಟ್ಟಿದ್ದವು. ಅಳೆಯಬೇಕಾದದ್ದು 3.5, ಒಪ್ಪಿಗೆ ಇದ್ದ ತಪ್ಪು 4! 2025ರಿಂದ ಅದನ್ನು 2ಕ್ಕೆ ಇಳಿಸಿದ್ದಾರೆ. ಒಳ್ಳೆಯದೇ ಆಯಿತು. ಆದರೂ ಇಷ್ಟು ತಡವಾಗಬಾರದಿತ್ತು.

ಹೊರಗಿನ ಲೋಹ ಸ್ಯಾಂಪಲ್‌ಗೆ ಹೇಗೆ ನುಗ್ಗುತ್ತದೆ ಅನ್ನುವುದನ್ನು ಜಗತ್ತಿಗೆ ಮನವರಿಕೆ ಮಾಡಿಸಿದವರು ಕ್ಲೇರ್ ಪ್ಯಾಟರ್ಸನ್. ಅವರು ವೈದ್ಯರಲ್ಲ, ಭೂರಸಾಯನ ವಿಜ್ಞಾನಿ. ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ತೋರಿಸಿದವರು. ಆ ಕೆಲಸ ಶುರುವಿನಲ್ಲಿ ಮುಂದೆ ಹೋಗಲೇ ಇಲ್ಲ. ಅಳೆದಷ್ಟೂ ಸಲ ಬೇರೆ ಬೇರೆ ಉತ್ತರ. ಗಾಳಿಯಲ್ಲಿ, ನೀರಿನಲ್ಲಿ, ಗಾಜಿನ ಪಾತ್ರೆಯಲ್ಲಿ, ಆಮ್ಲದಲ್ಲಿ, ಕೂದಲಿನಲ್ಲಿ, ಬಟ್ಟೆಯಲ್ಲಿ, ಎಲ್ಲೆಲ್ಲೂ ಸೀಸ. ಕಲ್ಲಿನೊಳಗಿನ ಸೀಸಕ್ಕಿಂತ ಸುತ್ತಲಿನ ಸೀಸವೇ ಜಾಸ್ತಿ ಇತ್ತು. ಹಾಗಾಗಿ ಗಾಳಿಯನ್ನು ಸೋಸುವ, ಆಮ್ಲವನ್ನು ಮತ್ತೆ ಮತ್ತೆ ಶುದ್ಧಿ ಮಾಡುವ ಲ್ಯಾಬನ್ನು ಅವರೇ ಕಟ್ಟಿಕೊಳ್ಳಬೇಕಾಯಿತು. ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ಅವರು ಮುಂದೆ ದನಿ ಎತ್ತಿದ್ದಕ್ಕೂ ಇಲ್ಲೇ ಬೀಜ ಬಿದ್ದದ್ದು. 2021ರ ಜುಲೈನಲ್ಲಿ ಅಲ್ಜೀರಿಯಾ ಸೀಸದ ಪೆಟ್ರೋಲ್ ಮಾರಾಟ ನಿಲ್ಲಿಸಿತು. ವಾಹನಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅದು.

1980ರಲ್ಲಿ ಪ್ಯಾಟರ್ಸನ್ ಮತ್ತು ಡೊರೊಥಿ ಸೆಟಲ್ ಟ್ಯೂನಾ ಮೀನಿನ ಸೀಸ ಅಳೆದರು. ತಾಜಾ ಮೀನಿನ ಮಾಂಸದಲ್ಲಿ ಅವರಿಗೆ ಸಿಕ್ಕಿದ್ದು ಗ್ರಾಂಗೆ 0.3 ನ್ಯಾನೋಗ್ರಾಂ. ಬೇರೆ ಲ್ಯಾಬ್‌ಗಳು ಅಂಥದೇ ಮೀನಿನಲ್ಲಿ ಅದರ ಸಾವಿರ ಪಟ್ಟಿಗಿಂತ ಜಾಸ್ತಿ ತೋರಿಸಿದ್ದವು. ಇದರ ಪರಿಣಾಮ ಏನು ಗೊತ್ತಾ? ಆ ಕಾಲದ ಡಬ್ಬಿಗಳ ಬೆಸುಗೆಯಲ್ಲಿ ಸೀಸ ಇರುತ್ತಿತ್ತು. ಆದರೂ ತಾಜಾ ಮೀನಿಗೂ ಡಬ್ಬಿ ಮೀನಿಗೂ ಅಂಥ ವ್ಯತ್ಯಾಸವೇನಿಲ್ಲ ಅನ್ನುವಂತೆ ಹಳೆಯ ಅಂಕಿಗಳು ಕಾಣುತ್ತಿದ್ದವು. ಸರಿಯಾಗಿ ಅಳೆದ ಮೇಲೆ ಆ ಅಂತರ ಸಾವಿರಾರು ಪಟ್ಟು ಅಂತ ಬಯಲಾಯಿತು. ತಾಜಾ ಮೀನಿನ ಸಂಖ್ಯೆ ತಪ್ಪಿದ್ದರಿಂದ ಡಬ್ಬಿಯ ಅಪಾಯ ಮುಚ್ಚಿಹೋಗಿತ್ತು. ಲ್ಯಾಬಿನ ಕೊಳೆ ಅಪಾಯವನ್ನು ದೊಡ್ಡದು ಮಾಡಿ ತೋರಿಸುತ್ತದೆ ಅಂತಷ್ಟೇ ನಾವು ಅಂದುಕೊಳ್ಳುತ್ತೇವೆ. ಅಪಾಯವನ್ನು ಮರೆಮಾಚುವ ಶಕ್ತಿಯೂ ಅದಕ್ಕಿದೆ.

ಮನುಷ್ಯರ ಸ್ಯಾಂಪಲ್‌ಗಳಲ್ಲಿ ಇದೇ ಕತೆ ಕ್ರೋಮಿಯಂ ವಿಷಯದಲ್ಲಿ ನಡೆಯಿತು. 1950ರ ದಶಕದಿಂದ 1980ರ ದಶಕದವರೆಗೆ ಪ್ರಕಟವಾದ ಲೇಖನಗಳನ್ನು ಸಾಲಾಗಿ ಇಟ್ಟು ನೋಡಿದರೆ, ಆರೋಗ್ಯವಂತರ ಸೀರಮ್ ಕ್ರೋಮಿಯಂ ನೂರಾರು ಪಟ್ಟು ಕುಸಿದಂತೆ ಕಾಣುತ್ತದೆ. ಜನರ ದೇಹದಲ್ಲಿ ಏನೂ ಬದಲಾಗಿರಲಿಲ್ಲ. ಲ್ಯಾಬ್‌ಗಳು ಸ್ವಚ್ಛವಾಗುತ್ತಾ ಬಂದಿದ್ದವು, ಉಪಕರಣಗಳು ಸುಧಾರಿಸಿದ್ದವು. ಬೆಲ್ಜಿಯಂನ ಗೆಂಟ್ ನಗರದ ಜಾಕ್ ವೆರ್ಸಿಕ್ ಮತ್ತು ರೀಟಾ ಕೊರ್ನೆಲಿಸ್ ಈ ಗೊಂದಲವನ್ನು ತಾಳ್ಮೆಯಿಂದ ಬಿಡಿಸಿದವರಲ್ಲಿ ಮುಖ್ಯರು. ಸ್ಟೀಲ್ ಸೂಜಿಯಿಂದ ತೆಗೆದ ಮೊದಲ ಕೆಲವು ಮಿಲಿಲೀಟರ್ ರಕ್ತದಲ್ಲಿ ಕ್ರೋಮಿಯಂ, ನಿಕಲ್, ಮ್ಯಾಂಗನೀಸ್ ಸೇರಿಕೊಂಡಿರುತ್ತವೆ ಎಂದು ವೆರ್ಸಿಕ್ ಅವರ ತಂಡ ತೋರಿಸಿತು. ಅದಕ್ಕೇ ಈಗ ಎಚ್ಚರ ಇರುವವರು ಪ್ಲಾಸ್ಟಿಕ್ ಕ್ಯಾನ್ಯುಲಾ, ಅಂದರೆ ರಕ್ತನಾಳದೊಳಗೆ ಇಡುವ ತೆಳು ಕೊಳವೆ ಬಳಸುತ್ತಾರೆ. ಇಲ್ಲವೇ ಮೊದಲು ಬಂದ ರಕ್ತವನ್ನು ಬೇರೆ ಪರೀಕ್ಷೆಗೆ ಕಳಿಸಿ, ಆಮೇಲಿನದನ್ನು ಲೋಹದ ಪರೀಕ್ಷೆಗೆ ಇಡುತ್ತಾರೆ.

ಸೂಜಿಯಾದ ಮೇಲೆ ಟ್ಯೂಬು. ರಬ್ಬರ್ ಮುಚ್ಚಳದಲ್ಲಿ ಸತು ಇರುತ್ತದೆ. ಗಾಜಿನಿಂದ ಅಲ್ಯೂಮಿನಿಯಂ ಬಿಡುತ್ತದೆ. ಪುಡಿ ಹಚ್ಚಿದ ಕೈಗವಸುಗಳಲ್ಲೂ ಸತು. ಬಣ್ಣದ ಪಿಪೆಟ್ ತುದಿಗಳ ಬಣ್ಣದಲ್ಲೇ ಲೋಹ ಇರಬಹುದು. ಲೋಹದ ಪರೀಕ್ಷೆಗೆಂದೇ ಕಡುನೀಲಿ ಮುಚ್ಚಳದ ಟ್ಯೂಬುಗಳು ಸಿಗುತ್ತವೆ. ಅವನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಪ್ರತಿ ಹೊಸ ಲಾಟ್‌ನಿಂದ ಕೆಲವು ಟ್ಯೂಬುಗಳನ್ನು ತೆಗೆದು, ಶುದ್ಧ ಆಮ್ಲ ಹಾಕಿ, ಏನು ಬಿಡುತ್ತದೆ ಅಂತ ನೋಡಲೇಬೇಕು. ಬೆರಳ ತುದಿ ಚುಚ್ಚಿ ರಕ್ತ ತೆಗೆದರೆ ಚರ್ಮದ ಮೇಲಿನ ಧೂಳಿನ ಸೀಸವೂ ಹನಿಯೊಳಗೆ ಸೇರುತ್ತದೆ. ಅದಕ್ಕೇ ಬೆರಳಿನ ಸ್ಯಾಂಪಲ್‌ನಲ್ಲಿ ಜಾಸ್ತಿ ಬಂದರೆ ರಕ್ತನಾಳದಿಂದ ಮತ್ತೊಮ್ಮೆ ತೆಗೆದು ಖಚಿತ ಮಾಡಿಕೊಳ್ಳಬೇಕು ಅನ್ನುವ ನಿಯಮ ಇರುವುದು.

ರಕ್ತಕಣಗಳು ಒಡೆಯುವುದು ಇನ್ನೊಂದು ತಲೆನೋವು. ಇಡೀ ರಕ್ತದಲ್ಲಿ ಮ್ಯಾಂಗನೀಸ್ ಲೀಟರಿಗೆ ಸುಮಾರು 4ರಿಂದ 15 ಮೈಕ್ರೋಗ್ರಾಂ ಇರುತ್ತದೆ, ಬಹುಪಾಲು ಕೆಂಪು ಕಣಗಳ ಒಳಗೆ. ಸೀರಮ್‌ನಲ್ಲಿ ಇರುವುದು ಅದರ ಒಂದು ಚೂರು. ಟ್ಯೂಬನ್ನು ಜೋರಾಗಿ ಅಲ್ಲಾಡಿಸಿದರೆ, ಸೀರಮ್ ಬೇರ್ಪಡಿಸಲು ತಡ ಮಾಡಿದರೆ, ಕಣಗಳು ಒಡೆದು ಒಳಗಿನದೆಲ್ಲ ಹೊರಗೆ ಬರುತ್ತದೆ. ಸತುವಿಗೂ ಇದೇ ಪಾಡು. ಇಲ್ಲಿ ಹೊರಗಿನಿಂದ ಏನೂ ಸೇರಿಲ್ಲ. ಆದರೂ ಸಂಖ್ಯೆ ಸುಳ್ಳು.

ಲೋಹ ಸೇರಿಕೊಳ್ಳುವ ಹಾಗೆಯೇ ಕಳೆದೂ ಹೋಗುತ್ತದೆ. ಪಾದರಸ ಪ್ಲಾಸ್ಟಿಕ್ ಗೋಡೆಗೆ ಅಂಟುತ್ತದೆ, ಆವಿಯಾಗಿಯೂ ಹೋಗುತ್ತದೆ. ಮೂತ್ರವನ್ನು ಫ್ರೀಜ್ ಮಾಡಿದರೆ ತಳದಲ್ಲಿ ಗಸಿ ನಿಲ್ಲುತ್ತದೆ, ಲೋಹದ ಒಂದು ಭಾಗ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಮೇಲಿನ ತಿಳಿಯನ್ನಷ್ಟೇ ತೆಗೆದರೆ ಕಡಿಮೆ ತೋರಿಸುತ್ತದೆ. 2017ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಂದು ಎಚ್ಚರಿಕೆ ಕೊಟ್ಟಿತು. ಲೆಡ್‌ಕೇರ್ ಹೆಸರಿನ ಪರೀಕ್ಷಾ ಉಪಕರಣಗಳಲ್ಲಿ, ರಕ್ತನಾಳದಿಂದ ತೆಗೆದ ರಕ್ತಕ್ಕೆ ಸೀಸದ ಮಟ್ಟ ನಿಜಕ್ಕಿಂತ ಕಡಿಮೆ ಬರುತ್ತಿದೆ ಅಂತ. ಸಣ್ಣ ಮಕ್ಕಳು, ಗರ್ಭಿಣಿಯರು, ಹಾಲೂಡುವ ತಾಯಂದಿರಲ್ಲಿ ಹಾಗೆ ಪರೀಕ್ಷೆ ಆದವರಿಗೆ ಮರುಪರೀಕ್ಷೆಯ ಸಲಹೆ ಹೋಯಿತು. ಕಾರಣ ಹುಡುಕಿದಾಗ ಕೆಲವು ಟ್ಯೂಬುಗಳ ರಬ್ಬರ್ ಮುಚ್ಚಳದಲ್ಲಿದ್ದ ಥಯುರಾಮ್ ಎಂಬ ರಾಸಾಯನಿಕ ಸಿಕ್ಕಿತು. ಅದು ರಕ್ತಕ್ಕೆ ಇಳಿದು ಸೀಸವನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಹಿಡಿದಿಟ್ಟ ಸೀಸ ಆ ಉಪಕರಣಕ್ಕೆ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ಮುಚ್ಚಳದಿಂದ ಎಷ್ಟೋ ಮನೆಗಳಿಗೆ ‘ಏನೂ ತೊಂದರೆ ಇಲ್ಲ’ ಅನ್ನುವ ಸುಳ್ಳು ಸಮಾಧಾನ ಹೋಗಿತ್ತು. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಜಾಸ್ತಿ ತೋರಿಸಿದ ಪರೀಕ್ಷೆಯನ್ನು ಯಾರಾದರೂ ಮತ್ತೊಮ್ಮೆ ಮಾಡಿಸುತ್ತಾರೆ. ಕಡಿಮೆ ತೋರಿಸಿದ್ದನ್ನು ಯಾರೂ ಪ್ರಶ್ನಿಸುವುದಿಲ್ಲ.

ಯಂತ್ರಗಳ ವಿಷಯಕ್ಕೆ ಬರೋಣ. ಇಂದು ಈ ಕೆಲಸದ ಮುಖ್ಯ ಸಾಧನ ಐಸಿಪಿ-ಎಂಎಸ್. 1980ರಲ್ಲಿ ಅಮೆರಿಕದ ಅಯೋವಾದಲ್ಲಿ ಸ್ಯಾಮ್ ಹೌಕ್ ಮತ್ತು ಜೊತೆಗಾರರು ಇದರ ಬಗ್ಗೆ ಮೊದಲ ಲೇಖನ ಬರೆದರು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಗೂ ಬಂತು. ಸ್ಯಾಂಪಲ್‌ನ ದ್ರವವನ್ನು ಮಂಜಿನಂತೆ ಮಾಡಿ ಆರ್ಗಾನ್ ಅನಿಲದ ಪ್ಲಾಸ್ಮಾಕ್ಕೆ ಊದುತ್ತಾರೆ. ಇದು ರಕ್ತದ ಪ್ಲಾಸ್ಮಾ ಅಲ್ಲ, ವಿದ್ಯುದಂಶ ಹೊತ್ತ ಅತಿ ಬಿಸಿಯ ಅನಿಲ. ಅಲ್ಲಿ ಉಷ್ಣತೆ 6,000ದಿಂದ 10,000 ಕೆಲ್ವಿನ್. ಅಣುಗಳೆಲ್ಲ ಒಡೆದು ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳಾಗುತ್ತವೆ. ಆಮೇಲೆ ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತಾರೆ. ಒಂದೇ ಸಲಕ್ಕೆ ಹತ್ತಾರು ಲೋಹ, ಅದೂ ಕೆಲವೇ ಹನಿ ರಕ್ತದಲ್ಲಿ. ಇದಕ್ಕಿಂತ ಹಳೆಯ ಗ್ರಾಫೈಟ್ ಕುಲುಮೆಯ ವಿಧಾನ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಲೋಹ ಅಳೆಯುತ್ತದೆ. ಸೀಸ ಒಂದನ್ನೇ ಅಳೆಯಬೇಕು ಅಂದರೆ ಅದೂ ಸಾಕು. ಚೆನ್ನಾಗಿ ನಡೆಸಿದ ಹಳೆಯ ಯಂತ್ರ, ಕೆಟ್ಟದಾಗಿ ನಡೆಸಿದ ಹೊಸ ಯಂತ್ರಕ್ಕಿಂತ ಎಷ್ಟೋ ಮೇಲು.

ಐಸಿಪಿ-ಎಂಎಸ್‌ಗೂ ಒಂದು ಮಿತಿ ಇದೆ. ತಕ್ಕಡಿಗೆ ತೂಕ ಗೊತ್ತಾಗುತ್ತದೆ, ಮುಖ ಕಾಣುವುದಿಲ್ಲ. ಈ ಯಂತ್ರವೂ ಹಾಗೇ. ಆರ್ಸೆನಿಕ್‌ನ ತೂಕ 75. ಪ್ಲಾಸ್ಮಾದ ಆರ್ಗಾನ್ 40, ರಕ್ತ ಮೂತ್ರಗಳಲ್ಲಿ ಧಾರಾಳವಾಗಿರುವ ಕ್ಲೋರಿನ್ 35. ಇವೆರಡೂ ಅಂಟಿಕೊಂಡರೆ 75. ಉಪ್ಪಿನ ಅಂಶವೇ ಆರ್ಸೆನಿಕ್ ಆಗಿ ಎಣಿಕೆಗೆ ಬರುತ್ತದೆ! ಆರ್ಗಾನ್ ಮತ್ತು ಕಾರ್ಬನ್ ಸೇರಿದರೆ 52, ಅದು ಕ್ರೋಮಿಯಂ ವೇಷ. ಈಗಿನ ಯಂತ್ರಗಳಲ್ಲಿ ದಾರಿಯ ನಡುವೆ ಹೀಲಿಯಂ ತುಂಬಿದ ಒಂದು ಕೋಣೆ ಇರುತ್ತದೆ. ಗಾತ್ರದಲ್ಲಿ ದೊಡ್ಡದಾದ ಈ ಜೋಡಿ ಅಯಾನುಗಳು ಹೀಲಿಯಂಗೆ ಜಾಸ್ತಿ ಸಲ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಂಡು ಹಿಂದೆ ಉಳಿಯುತ್ತವೆ. ಬಹುಪಾಲು ತೊಂದರೆ ಇದರಿಂದ ನೀಗಿದೆ. ಎಲ್ಲವೂ ಅಲ್ಲ. ಎಂಆರ್‌ಐ ಸ್ಕ್ಯಾನ್‌ಗೆ ಮೊದಲು ಕೆಲವರಿಗೆ ಗ್ಯಾಡೋಲಿನಿಯಂ ಇರುವ ಔಷಧಿ ಚುಚ್ಚುತ್ತಾರೆ. ಯಂತ್ರ ನಿಜಕ್ಕೂ ನೋಡುವುದು ತೂಕವನ್ನು ವಿದ್ಯುದಂಶದಿಂದ ಭಾಗಿಸಿದ ಸಂಖ್ಯೆಯನ್ನು. ಹಾಗಾಗಿ 156 ತೂಕದ ಗ್ಯಾಡೋಲಿನಿಯಂ ಎರಡು ವಿದ್ಯುದಂಶ ಹೊತ್ತರೆ ಯಂತ್ರಕ್ಕೆ ಅದು 78 ಆಗಿ ಕಾಣುತ್ತದೆ. ಸೆಲೆನಿಯಂ ಅಳೆಯುವುದೂ 78ರಲ್ಲೇ. ಸ್ಕ್ಯಾನ್ ಆದ ಕೆಲವು ದಿನಗಳೊಳಗೆ ರಕ್ತ ಕೊಟ್ಟವರ ಸೆಲೆನಿಯಂ ಸುಳ್ಳೇ ಏರುತ್ತದೆ. ಸಂಶೋಧನೆಯ ಪ್ರಶ್ನಾವಳಿಯಲ್ಲಿ ‘ಇತ್ತೀಚೆಗೆ ಸ್ಕ್ಯಾನ್ ಆಗಿದೆಯಾ’ ಅನ್ನುವ ಒಂದು ಸಾಲು ಸೇರಿಸಿದರೆ ಇದು ಸಿಕ್ಕಿಬೀಳುತ್ತದೆ.

ಇನ್ನು ಯಾವ ಸ್ಯಾಂಪಲ್ ಅನ್ನುವ ಪ್ರಶ್ನೆ. ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ. ಎಷ್ಟೇ ಶುದ್ಧವಾಗಿ ಅಳೆದರೂ, ತಪ್ಪು ಜಾಗದಲ್ಲಿ ಹುಡುಕಿದರೆ ಏನು ಪ್ರಯೋಜನ?

ರಕ್ತದ ಸೀಸ ಹೇಳುವುದು ಮುಖ್ಯವಾಗಿ ಇತ್ತೀಚಿನ ಕತೆಯನ್ನು. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಸಾಕು. ದೊಡ್ಡವರ ದೇಹದ ಸೀಸದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾಗ ಮೂಳೆಯಲ್ಲಿ ಇರುತ್ತದೆ. ಅಲ್ಲಿ ಅದು ದಶಕಗಟ್ಟಲೆ ಕೂರುತ್ತದೆ. ಗರ್ಭಿಣಿಯಾದಾಗ, ವಯಸ್ಸಾಗಿ ಮೂಳೆ ಸವೆದಾಗ, ಅದು ಮತ್ತೆ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ 60 ವರ್ಷದವರ ಹೃದಯದ ಕಾಯಿಲೆಗೂ ಬಾಲ್ಯದ ಸೀಸಕ್ಕೂ ಸಂಬಂಧ ಇದೆಯಾ ಅಂತ ಕೇಳುವವರು ಒಂದೇ ಒಂದು ರಕ್ತ ಪರೀಕ್ಷೆಯಿಂದ ಉತ್ತರ ಹುಡುಕಿದರೆ ಕತೆಯ ಕೊನೆಯ ಪುಟ ಮಾತ್ರ ಸಿಗುತ್ತದೆ. ಮೊಣಕಾಲ ಕೆಳಗಿನ ಮೂಳೆಗೆ ಎಕ್ಸ್-ಕಿರಣ ಹಾಯಿಸಿ ಸೀಸ ಅಳೆಯುವ ವಿಧಾನ ಇದೆ. ಆದರೆ ಅದು ಇರುವ ಜಾಗಗಳು ಕಡಿಮೆ.

ಕ್ಯಾಡ್ಮಿಯಂ ಇನ್ನೊಂದು ತರಹ. ಅದು ಮೂತ್ರಪಿಂಡದಲ್ಲಿ ಸೇರಿಕೊಂಡು 10ರಿಂದ 30 ವರ್ಷ ಉಳಿಯುತ್ತದೆ. ದೀರ್ಘಕಾಲದ ಲೆಕ್ಕಕ್ಕೆ ಮೂತ್ರದ ಕ್ಯಾಡ್ಮಿಯಂ ಒಳ್ಳೆಯದು, ಇತ್ತೀಚಿನದಕ್ಕೆ ರಕ್ತ. ಸಿಗರೇಟು ಸೇದುವವರಲ್ಲಿ ಎರಡೂ ಜಾಸ್ತಿ. ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದರೆ ಕ್ಯಾಡ್ಮಿಯಂ ಹೊರಹೋಗುವ ರೀತಿಯೇ ಬದಲಾಗುತ್ತದೆ. ಆಗ ಲೋಹದಿಂದ ಕಾಯಿಲೆ ಬಂತಾ, ಕಾಯಿಲೆಯಿಂದ ಸಂಖ್ಯೆ ಬದಲಾಯಿತಾ ಅಂತ ಬಿಡಿಸಿ ಹೇಳುವುದು ಕಷ್ಟ. ಜೊತೆಗೆ, ಮೂತ್ರದ ಲೋಹವನ್ನು ನೀರು ಕುಡಿದ ಪ್ರಮಾಣಕ್ಕೆ ತಕ್ಕಂತೆ ಸರಿದೂಗಿಸಬೇಕು. ಅದಕ್ಕೆ ಬಳಸುವುದು ಕ್ರಿಯೇಟಿನಿನ್, ಅಂದರೆ ಸ್ನಾಯುಗಳಲ್ಲಿ ಹುಟ್ಟಿ ಮೂತ್ರದಲ್ಲಿ ಹೊರಹೋಗುವ ವಸ್ತು. ಅದು ಸ್ನಾಯು, ವಯಸ್ಸು, ಲಿಂಗದ ಮೇಲೆ ಬದಲಾಗುತ್ತದೆ. ಸರಿದೂಗಿಸುವ ಅಳತೆಯೇ ಹೊಸ ತಪ್ಪು ತರುತ್ತದೆ.

ಆರ್ಸೆನಿಕ್‌ಗೆ ಒಟ್ಟು ಪ್ರಮಾಣ ಗೊತ್ತಾದರೆ ಸಾಲದು. ಮೀನು, ಸಿಗಡಿಗಳಲ್ಲಿ ಆರ್ಸೆನೊಬೀಟೇನ್ ಎಂಬ ರೂಪ ಇರುತ್ತದೆ. ಅದು ದೇಹಕ್ಕೆ ಹೋಗಿ ಹಾಗೇ ಹೊರಬರುತ್ತದೆ, ವಿಷವಲ್ಲ ಅಂತಲೇ ಲೆಕ್ಕ. ಅಂತರ್ಜಲದಲ್ಲಿ ಬರುವ ಅಜೈವಿಕ ಆರ್ಸೆನಿಕ್ ಕ್ಯಾನ್ಸರ್ ತರುವಂಥದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುವುದು ಇದಕ್ಕೇ. ಒಟ್ಟು ಆರ್ಸೆನಿಕ್ ಮಾತ್ರ ನೋಡಿದರೆ, ನಿನ್ನೆ ಮೀನು ತಿಂದವರು ವಿಷದ ನೀರು ಕುಡಿದವರ ಹಾಗೆ ಕಾಣುತ್ತಾರೆ. ರೂಪಗಳನ್ನು ಮೊದಲು ಬೇರ್ಪಡಿಸಿ ಆಮೇಲೆ ಅಳೆಯಬೇಕು. ರಕ್ತದಲ್ಲಿ ಅದು ಕೆಲವೇ ಗಂಟೆಗಳಲ್ಲಿ ಇಳಿಯುವುದರಿಂದ ಮೂತ್ರ ಅಥವಾ ಉಗುರೇ ಮೇಲು.

ಮೀನಿನಿಂದ ಬರುವ ಮೀಥೈಲ್ ಪಾದರಸಕ್ಕೆ ಕೂದಲು ಒಳ್ಳೆಯ ಸಾಕ್ಷಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದ ತುಂಡು ತುಂಡಾಗಿ ಅಳೆದರೆ ತಿಂಗಳುಗಳ ದಾಖಲೆ ಸಿಗುತ್ತದೆ. 1971–72ರಲ್ಲಿ ಇರಾಕಿನಲ್ಲಿ ಪಾದರಸ ಸವರಿದ ಬಿತ್ತನೆ ಧಾನ್ಯವನ್ನು ತಿಂದು ದೊಡ್ಡ ದುರಂತ ನಡೆಯಿತು. ಯಾವ ತಾಯಿಯ ದೇಹಕ್ಕೆ ಗರ್ಭದ ಯಾವ ಹಂತದಲ್ಲಿ ಎಷ್ಟು ಹೋಗಿತ್ತು ಅಂತ ಆಮೇಲೆ ತಿಳಿಯಲು ಆಗಿದ್ದು ಕೂದಲಿನಿಂದಲೇ. ಆದರೆ ಇದೇ ಕೂದಲು ಬೇರೆ ಹಲವು ಲೋಹಗಳಿಗೆ ಕೆಟ್ಟ ಸಾಕ್ಷಿ. ಧೂಳು, ಶಾಂಪೂ, ಬಣ್ಣ ಎಲ್ಲವೂ ಹೊರಗಿನಿಂದ ಅಂಟುತ್ತವೆ. 2001ರಲ್ಲಿ ಜಾಮಾ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಒಬ್ಬ ಆರೋಗ್ಯವಂತರ ಕೂದಲನ್ನು ಆರು ಲ್ಯಾಬ್‌ಗಳಿಗೆ ಕಳಿಸಿದ್ದರು. 12 ಖನಿಜಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉತ್ತರಗಳ ನಡುವೆ ಹತ್ತು ಪಟ್ಟಿಗೂ ಮೀರಿದ ವ್ಯತ್ಯಾಸ! ‘ಕೂದಲು ಕಳಿಸಿ, ದೇಹದ ವಿಷ ತಿಳಿಯಿರಿ’ ಅನ್ನುವ ಜಾಹೀರಾತು ನೋಡಿದಾಗ ಇದು ನೆನಪಿರಲಿ. ಲೋಹ ಹೊರಹಾಕುವ ಔಷಧಿ ಕೊಟ್ಟು, ಆಮೇಲೆ ಮೂತ್ರ ಪರೀಕ್ಷಿಸಿ ‘ನೋಡಿ ಎಷ್ಟು ವಿಷ’ ಅಂತ ತೋರಿಸುವ ಪದ್ಧತಿಯೂ ಇದೆ. ಆ ಔಷಧಿ ಕೊಟ್ಟರೆ ಆರೋಗ್ಯವಂತರ ಮೂತ್ರದಲ್ಲೂ ಲೋಹ ಏರುತ್ತದೆ. ಅದನ್ನು ಔಷಧಿ ತೆಗೆದುಕೊಳ್ಳದವರ ಸಂಖ್ಯೆಗೆ ಹೋಲಿಸಿ ಜನರನ್ನು ಹೆದರಿಸುವುದು ಅನ್ಯಾಯ.

ಮಕ್ಕಳ ಹಾಲುಹಲ್ಲು ನನಗೆ ಬಹಳ ಭರವಸೆ ಕೊಡುವ ಸ್ಯಾಂಪಲ್. ಹಲ್ಲು ದಿನದಿನವೂ ಪದರ ಪದರವಾಗಿ ಬೆಳೆಯುತ್ತದೆ. ಹುಟ್ಟಿದ ಹೊತ್ತಿಗೆ ಅದರಲ್ಲಿ ಒಂದು ಗೆರೆ ಮೂಡುತ್ತದೆ. ಗೆರೆಯ ಆಚೆಗಿನದು ಗರ್ಭದ ಕಾಲ, ಈಚೆಗಿನದು ಹುಟ್ಟಿದ ಮೇಲಿನ ಕಾಲ. ಲೇಸರ್‌ನಿಂದ ಸಣ್ಣ ಸಣ್ಣ ಚುಕ್ಕಿಗಳನ್ನು ಕೆರೆದು ಐಸಿಪಿ-ಎಂಎಸ್‌ಗೆ ಕಳಿಸಿದರೆ ಯಾವ ತಿಂಗಳಲ್ಲಿ ಎಷ್ಟು ಸೀಸ, ಎಷ್ಟು ಮ್ಯಾಂಗನೀಸ್ ಅಂತ ಹೇಳಬಹುದು. ಹಲ್ಲು ತಾನಾಗಿ ಬಿದ್ದ ಮೇಲೆ ತೆಗೆದುಕೊಂಡರಾಯಿತು, ಮಗುವಿಗೆ ಸೂಜಿ ಚುಚ್ಚಬೇಕಿಲ್ಲ. ಮ್ಯಾಂಗನೀಸ್‌ಗಂತೂ ಇದು ದೊಡ್ಡ ಅನುಕೂಲ. ಅದು ಕಡಿಮೆಯಾದರೂ ತೊಂದರೆ, ಜಾಸ್ತಿಯಾದರೂ ತೊಂದರೆ. ಅದರ ಹಳೆಯ ಲೆಕ್ಕ ರಕ್ತದಲ್ಲಿ ಸಿಗುವುದಿಲ್ಲ.

ಈಗ ಅಧ್ಯಯನದ ವಿನ್ಯಾಸ. ಕಾಯಿಲೆ ಇರುವವರ ರಕ್ತವನ್ನು ಆಸ್ಪತ್ರೆಯಲ್ಲಿ ಒಂದು ಬಗೆಯ ಟ್ಯೂಬಿನಲ್ಲಿ ತೆಗೆದರು ಅಂತ ಇಟ್ಟುಕೊಳ್ಳಿ. ಆರೋಗ್ಯವಂತರದ್ದನ್ನು ಶಿಬಿರದಲ್ಲಿ ಇನ್ನೊಂದು ಬಗೆಯ ಟ್ಯೂಬಿನಲ್ಲಿ. ಮೊದಲನೆಯ ಗುಂಪನ್ನು ಜನವರಿಯಲ್ಲಿ ಅಳೆದರು, ಎರಡನೆಯದನ್ನು ಜೂನ್‌ನಲ್ಲಿ. ರೋಗಿಗಳಲ್ಲಿ ನಿಕಲ್ ಎರಡು ಪಟ್ಟು ಬಂತು. ಇದು ಕಾಯಿಲೆಯ ಗುರುತೋ, ಟ್ಯೂಬಿನ ಗುರುತೋ? ಆಮೇಲೆ ಯಾವ ಲೆಕ್ಕ ಹಾಕಿದರೂ ಹೇಳಲು ಆಗುವುದಿಲ್ಲ. ಎರಡೂ ಗುಂಪಿಗೆ ಒಂದೇ ಲಾಟ್‌ನ ಟ್ಯೂಬು, ಒಂದೇ ಕ್ರಮ, ಒಂದೇ ಬ್ಯಾಚ್‌ನಲ್ಲಿ ಬೆರೆಸಿ ಅಳೆಯುವುದು, ಅಳೆಯುವವರಿಗೆ ಯಾರದು ಯಾವುದು ಗೊತ್ತಿರದಿರುವುದು. ಇವಕ್ಕೆ ಖರ್ಚು ಕಡಿಮೆ, ಮೊದಲೇ ಯೋಚಿಸಬೇಕು ಅಷ್ಟೇ. ಸುಮ್ನೆ ಏರುಪೇರಾಗುವ ತಪ್ಪು ನಿಜವಾದ ಸಂಬಂಧವನ್ನು ಮಸುಕು ಮಾಡುತ್ತದೆ. ಒಂದು ಗುಂಪಿನ ಕಡೆಗೇ ವಾಲುವ ತಪ್ಪು ಇಲ್ಲದ ಸಂಬಂಧವನ್ನು ಹುಟ್ಟಿಸುತ್ತದೆ. ಎರಡನೆಯದು ಹೆಚ್ಚು ಅಪಾಯ.

ಅಲ್ಯೂಮಿನಿಯಂ ಇದಕ್ಕೆ ಎರಡೂ ಬಗೆಯ ಪಾಠ ಕೊಟ್ಟಿದೆ. 1970ರ ದಶಕದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಕೆಲವರಿಗೆ ಮೆದುಳಿನ ಕಾಯಿಲೆ ಬಂತು. ಡಯಾಲಿಸಿಸ್‌ನ ನೀರಿನಲ್ಲಿದ್ದ ಅಲ್ಯೂಮಿನಿಯಂ ಮುಖ್ಯ ಕಾರಣ ಅಂತ ಅಳತೆಗಳು ತೋರಿಸಿದವು. ನೀರು ಶುದ್ಧ ಮಾಡಿದ ಮೇಲೆ ಆ ಕಾಯಿಲೆ ಇಳಿಯಿತು. ಅಳತೆ ಜೀವ ಉಳಿಸಿದ ಉದಾಹರಣೆ ಇದು. ಅದೇ ಲೋಹವನ್ನು ಆಲ್ಜೈಮರ್ ಕಾಯಿಲೆಗೂ ಜೋಡಿಸಿ, ರೋಗಿಗಳ ಮೆದುಳಿನಲ್ಲಿ ಗಂಟುಕಟ್ಟುವ ಪ್ಲೇಕ್‌ಗಳ ಒಳಗೇ ಅಲ್ಯೂಮಿನಿಯಂ ಇದೆ ಅಂತ ಹಲವು ವರದಿಗಳು ಬಂದವು. 1992ರಲ್ಲಿ ಆಕ್ಸ್‌ಫರ್ಡ್‌ನ ತಂಡವೊಂದು ಯಾವ ಬಣ್ಣವನ್ನೂ ಹಚ್ಚದ ಮೆದುಳಿನ ಅಂಗಾಂಶವನ್ನು ಪ್ರೋಟಾನ್ ಕಿರಣದಿಂದ ನೋಡಿತು. ಪ್ಲೇಕ್‌ನ ತಿರುಳಿನಲ್ಲಿ ಅವರಿಗೆ ಅಲ್ಯೂಮಿನಿಯಂ ಕಾಣಲಿಲ್ಲ. ಅಂಗಾಂಶವನ್ನು ಸಿದ್ಧಪಡಿಸಲು ಬಳಸುವ ರಾಸಾಯನಿಕಗಳಿಂದಲೇ ಲೋಹ ಸೇರಿರಬಹುದು ಅನ್ನುವ ಅನುಮಾನ ಬಲವಾಯಿತು.

ಹಾಗಾದರೆ ಒಂದು ಸಂಖ್ಯೆಯನ್ನು ನಂಬುವುದು ಯಾವಾಗ? ನಾನು ಮೊದಲು ನೋಡುವುದು ಬ್ಲ್ಯಾಂಕ್ ಅನ್ನು. ರಕ್ತದ ಬದಲು ಶುದ್ಧ ನೀರನ್ನು ಅದೇ ಸೂಜಿ, ಅದೇ ಟ್ಯೂಬು, ಅದೇ ಆಮ್ಲದ ದಾರಿಯಲ್ಲಿ ಕಳಿಸಿದಾಗ ಎಷ್ಟು ಲೋಹ ಬಂತು? ಲ್ಯಾಬಿನೊಳಗಿನ ಬ್ಲ್ಯಾಂಕ್ ಮಾತ್ರ ಕೊಟ್ಟು, ಸ್ಯಾಂಪಲ್ ತೆಗೆದ ಜಾಗದ ಬ್ಲ್ಯಾಂಕ್ ಬಿಟ್ಟಿದ್ದರೆ ಅರ್ಧ ಕತೆ ಸಿಕ್ಕಿಲ್ಲ ಅಂತಲೇ ಅರ್ಥ. ಆಮೇಲೆ, ಪ್ರಮಾಣ ಮೊದಲೇ ಗೊತ್ತಿರುವ ಸ್ಯಾಂಪಲ್ ಅಳೆದಾಗ ಸರಿಯಾದ ಉತ್ತರ ಬಂತಾ? ಅಳತೆಯ ಮಾನದಂಡಗಳನ್ನು ನೋಡಿಕೊಳ್ಳುವ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಇದಕ್ಕೆಂದೇ ಮೇಕೆಯ ರಕ್ತವನ್ನು ಹಲವು ಮಟ್ಟಗಳಲ್ಲಿ ತಯಾರಿಸಿ ಕೊಟ್ಟಿತ್ತು. ಗುರುತು ಹೇಳದ ಸ್ಯಾಂಪಲ್‌ಗಳನ್ನು ಕಳಿಸಿ ಲ್ಯಾಬ್‌ಗಳನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ವ್ಯವಸ್ಥೆಗಳೂ ಇವೆ. ಕೊನೆಗೆ, ಯಂತ್ರಕ್ಕೆ ಕಾಣದಷ್ಟು ಕಡಿಮೆ ಇದ್ದ ಸ್ಯಾಂಪಲ್‌ಗಳನ್ನು ಏನು ಮಾಡಿದರು? ಹಲವರು ಅಲ್ಲಿ ಒಂದು ಅಂದಾಜಿನ ಸಂಖ್ಯೆ ತುಂಬುತ್ತಾರೆ. ನೂರರಲ್ಲಿ ಐದಕ್ಕೆ ಹಾಗೆ ಮಾಡಿದರೆ ಪರವಾಗಿಲ್ಲ. ಅರ್ಧಕ್ಕರ್ಧ ಹಾಗೆ ತುಂಬಿ ಕಾಯಿಲೆಯ ಸಂಬಂಧ ಹೇಳಿದರೆ ಅದನ್ನು ಒಪ್ಪುವುದು ಕಷ್ಟ.

ಈ ಕೆಲಸದ ಫಲ ಚಿಕ್ಕದಲ್ಲ. ಲೋಹಕ್ಕೆ ಲೋಹ ಉಜ್ಜುವ ಕೃತಕ ಸೊಂಟದ ಕೀಲುಗಳು ಸವೆದು ರಕ್ತಕ್ಕೆ ಕೋಬಾಲ್ಟ್, ಕ್ರೋಮಿಯಂ ಬಿಡುತ್ತಿದ್ದದ್ದು ಗೊತ್ತಾದಾಗ, 2010ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರು ಲೀಟರಿಗೆ 7 ಮೈಕ್ರೋಗ್ರಾಂ ದಾಟಿದವರ ಮೇಲೆ ನಿಗಾ ಇಡಲು ಹೇಳಿದರು. ಹಳೆಯ ಕಾಲದ ಕೊಳೆ ತುಂಬಿದ ಕ್ರೋಮಿಯಂ ಅಳತೆಗಳನ್ನು ಇಟ್ಟುಕೊಂಡಿದ್ದರೆ ಇಂಥ ಗೆರೆ ಎಳೆಯಲು ಸಾಧ್ಯವೇ ಇರುತ್ತಿರಲಿಲ್ಲ. 2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳನ್ನು ಹೃದಯದ ಕಾಯಿಲೆಯ ಅಪಾಯಗಳಾಗಿ ನೋಡಬೇಕು ಅಂತ ಹೇಳಿಕೆ ಹೊರಡಿಸಿತು. ಅದರ ಹಿಂದೆಯೂ ದಶಕಗಳ ತಾಳ್ಮೆಯ ಅಳತೆ ಇದೆ.

ಇನ್ನು ಮುಂದಿನ ದೊಡ್ಡ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹಲವರು ಜೈವಿಕ ಸ್ಯಾಂಪಲ್ ಬ್ಯಾಂಕ್‌ಗಳ ಕಡೆ ನೋಡುತ್ತಿದ್ದಾರೆ. ಲಕ್ಷಾಂತರ ಜನರ ರಕ್ತ ಅಲ್ಲಿ ಫ್ರೀಜರಿನಲ್ಲಿದೆ, ಅವರಿಗೆ ಆಮೇಲೆ ಯಾವ ಕಾಯಿಲೆ ಬಂತು ಅನ್ನುವ ದಾಖಲೆಯೂ ಇದೆ. ಆದರೆ ಅದರಲ್ಲಿ ಬಹಳಷ್ಟನ್ನು ಡಿಎನ್‌ಎ, ಕೊಲೆಸ್ಟರಾಲ್‌ಗಳಿಗೆಂದು ತೆಗೆದದ್ದು. ಟ್ಯೂಬಿನ ಲೋಹದ ಯೋಚನೆ ಆಗ ಯಾರಿಗೂ ಬಂದಿರಲಿಕ್ಕಿಲ್ಲ. ಈಗ ಹೊಸದಾಗಿ ಸ್ಯಾಂಪಲ್ ಕೂಡಿಡುವವರು ಪ್ರತಿ ಲಾಟ್‌ನಿಂದ ಹತ್ತು ಖಾಲಿ ಟ್ಯೂಬು, ನಾಲ್ಕು ಸೂಜಿಗಳನ್ನು ಅದೇ ಫ್ರೀಜರಿನ ಒಂದು ಮೂಲೆಯಲ್ಲಿ ಎತ್ತಿಡಬೇಕು. ಲಾಟ್ ಸಂಖ್ಯೆಯನ್ನು ಪ್ರತಿ ಸ್ಯಾಂಪಲ್‌ನ ದಾಖಲೆಗೆ ಸೇರಿಸಬೇಕು. 20 ವರ್ಷದ ನಂತರ ಯಾರಾದರೂ ಕ್ಯಾಡ್ಮಿಯಂ ಬಗ್ಗೆ ಕೇಳಿದರೆ, ಅವರು ಮೊದಲು ತೆರೆಯಬೇಕಾದದ್ದು ಆ ಖಾಲಿ ಟ್ಯೂಬುಗಳನ್ನು.